ಹಳೇ ಸ್ವಿಫ್ಟ್ ಡೀಸೆಲ್: ಎಂಜಿನ್ ಗಟ್ಟಿ, ಆಯಿಲ್ ಮಾತ್ರ ತಪ್ಪಿಸಬೇಡಿ

ನಮ್ಮದು 2012ರ ಸ್ವಿಫ್ಟ್ ಡೀಸೆಲ್, ಸೆಕೆಂಡ್ ಹ್ಯಾಂಡ್. ಇದರಲ್ಲಿರುವುದು ಫಿಯಟ್‌ನವರ 1248 ಸಿಸಿ ಮಲ್ಟಿಜೆಟ್ ಎಂಜಿನ್. ಇಂಡಿಕಾ ವಿಸ್ಟಾ, ಪುಂಟೊ, ಡಿಜೈರ್‌ಗಳಲ್ಲೂ ಇದೇ ಇತ್ತು. ವರ್ಷಗಟ್ಟಲೆ ಓಡಿಸಿ ಹೇಳ್ತಿದ್ದೀನಿ, ಎಂಜಿನ್‌ಗೆ ಐದಕ್ಕೆ ಐದು ಸ್ಟಾರ್.

ಆದರೆ ನಮ್ಮ ಕೈಗೆ ಬಂದಾಗ ಅದರ ಸ್ಥಿತಿ ನೋಡುವ ಹಾಗಿರಲಿಲ್ಲ. ಹಿಂದಿನ ಮಾಲೀಕರು ಆಯಿಲ್ ಬದಲಿಸುತ್ತಲೇ ಇರಲಿಲ್ಲ, ಕಡಿಮೆಯಾದಾಗ ಟಾಪ್ ಅಪ್ ಮಾಡಿ ಓಡಿಸಿದ್ದರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು. ಅದನ್ನೇ ತೋರಿಸಿ ಬೆಲೆ ಇಳಿಸಿಕೊಂಡು, ಸೀದಾ ಗ್ಯಾರೇಜಿಗೆ ಒಯ್ದೆವು.

ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿದರೆ ತಳದಲ್ಲಿ ಡಾಂಬರಿನಂಥ ಕಪ್ಪು ಗಸಿ. ಬೆರಳಲ್ಲಿ ಕೆರೆದರೆ ಉಂಡೆ ಕಟ್ಟುತ್ತಿತ್ತು. ಪಂಪ್ ಆಯಿಲ್ ಎಳೆಯುವ ಜಾಲರಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿತ್ತು. ಪಾಪ, ಆ ಎಂಜಿನ್ ಅಷ್ಟು ದಿನ ಹೇಗೆ ಓಡಿತೋ!

ಈ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ) ಬಿಗಿಯಾಗಿರುವುದು ಆಯಿಲ್ ಪ್ರೆಶರ್‌ನಿಂದ. ಪ್ರೆಶರ್ ಸಾಲದಿದ್ದರೆ ಚೈನ್ ಬಿಗಿಹಿಡಿಯುವ ಟೆನ್ಷನರ್ ಸಡಿಲ, ಚೈನ್ ಬಡಿಯುತ್ತದೆ. ಚೈನ್ ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ತಾಗಿ ಬಾಗುತ್ತವೆ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕಥೆಯೂ ಅಷ್ಟೇ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಶಾಫ್ಟ್ ನಿಂತಿರುವುದೇ ತೆಳ್ಳನೆಯ ಆಯಿಲ್ ಪದರದ ಮೇಲೆ. ನಮ್ಮದರಲ್ಲಿ ಶಾಫ್ಟ್ ಕೈಯಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ಚೈನ್ ಕಿಟ್, ಟರ್ಬೊ, ಬೇರಿಂಗ್ ಎಲ್ಲ ಹೊಸದು ಹಾಕಿಸಬೇಕಾಯ್ತು. ಆ ಬಿಲ್ಲಿನಲ್ಲಿ ಎಷ್ಟೋ ವರ್ಷ ಆಯಿಲ್ ಬದಲಿಸಬಹುದಿತ್ತು.

ಆಮೇಲೆ ಒಂದು ದಿನವೂ ಕೈಕೊಟ್ಟಿಲ್ಲ. ಘಾಟಿಯಲ್ಲೂ ಪಿಕಪ್ ಚೆನ್ನಾಗಿದೆ. ಎಸಿ, ಸಸ್ಪೆನ್ಷನ್ ಬಗ್ಗೆ ದೂರಿಲ್ಲ, ಹಿಂದಿನ ಸೀಟು ಮಾತ್ರ ಇಕ್ಕಟ್ಟು.

ಆಯಿಲ್ ಬದಲಿಸಲು ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸಿಟಿ ಟ್ರಾಫಿಕ್‌ನಲ್ಲೇ ಓಡುವ ಗಾಡಿಗೆ ನಾನು ಅಷ್ಟು ಕಾಯುವುದಿಲ್ಲ. ಫಿಲ್ಟರ್ ಪ್ರತಿ ಸಲ ಹೊಸದು. ಅಂದಹಾಗೆ, ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಅದು ಮಸಿ. ಬಣ್ಣ ನೋಡಿ ಗಾಬರಿಯಾಗಬೇಡಿ, ಕಿಲೋಮೀಟರ್ ನೋಡಿ.

ಹಳೇ ಡೀಸೆಲ್ ಕಾರು ನೋಡಲು ಹೋಗುವವರು ಬೆಳಿಗ್ಗೆಯೇ ಹೋಗಿ. ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಚೈನ್ ಸದ್ದು ಕೇಳಿಸದೇ ಹೋಗಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಗಸಿ ಅಂಟಿದ್ದರೆ ಚೇಂಬರ್ ಬಿಚ್ಚಿ ತೋರಿಸಿ ಅನ್ನಿ. ಒಪ್ಪದಿದ್ದರೆ ಬೇರೆ ಗಾಡಿ ನೋಡಿ.