ಲೆನ್ಸ್‌ಗೆ ಯುವಿ ಫಿಲ್ಟರ್ ಮತ್ತು ಹುಡ್: ಏಳು ವರ್ಷ ಬಳಸಿದ ಮೇಲೆ

ನನ್ನದು ನಿಕಾನ್ 18-140 ಎಂಎಂ ಲೆನ್ಸ್. 2018ರಲ್ಲಿ ತಗೊಂಡೆ. ಲೆನ್ಸ್ ಕೈಗೆ ಬಂದ ದಿನವೇ, ಅಂಗಡಿಯವರು ಹೇಳಿದರು ಅಂತ ಲೆನ್ಸ್ ಬಾಯಿಗೆ ತಿರುಗಿಸಿ ಕೂರಿಸುವ ಚಪ್ಪಟೆ ಗಾಜು, ಅಂದರೆ 67 ಎಂಎಂ ಯುವಿ (ಅತಿನೇರಳೆ) ಫಿಲ್ಟರ್ ಒಂದನ್ನೂ ಹಾಕಿಸಿಕೊಂಡು ಬಂದೆ. ಲೆನ್ಸ್ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಮರೆ, ಎಚ್‌ಬಿ-32 ಹುಡ್, ಕೊಂಡಿದ್ದು ಆರು ತಿಂಗಳು ಕಳೆದ ಮೇಲೆ. ಈಗ ಯಾರಾದರೂ ಕೇಳಿದರೆ ಮೊದಲು ಹುಡ್ ತಗೊಳ್ಳಿ, ಫಿಲ್ಟರ್ ಆಮೇಲೆ ನೋಡೋಣ ಅನ್ನುತ್ತೇನೆ.

ಕಾರಣ ಗೊತ್ತಾಗಿದ್ದು ಮೈಸೂರಿನಲ್ಲಿ. ದಸರಾ ಸಮಯದಲ್ಲಿ ಅರಮನೆಯ ದೀಪಾಲಂಕಾರ ತೆಗೆಯಲು ಹೋಗಿದ್ದೆ. ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿಕೊಂಡಾಗ ಜನರೆಲ್ಲ ಹೋ ಅಂದರು. ನಾನು ಕಂಬಿಯ ಮೇಲೆ ಕ್ಯಾಮೆರಾ ಊರಿ ಇಪ್ಪತ್ತು ಮೂವತ್ತು ಫೋಟೊ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ, ಅರಮನೆಯ ಮೇಲಿನ ಕಪ್ಪು ಆಕಾಶದಲ್ಲಿ ಮಸುಕಾದ ಹಸಿರು ಚುಕ್ಕೆಗಳ ಸಾಲು. ಗಮನಿಸಿ ನೋಡಿದೆ. ಅದು ಅದೇ ಅರಮನೆ, ತಲೆಕೆಳಗಾಗಿ! ಗೋಪುರದ ಆಕಾರ ಕೂಡ ಗೊತ್ತಾಗುತ್ತಿತ್ತು. ಲೆನ್ಸೇ ಕೆಟ್ಟಿದೆ ಅಂದುಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರಗಳಲ್ಲೂ ಅರಮನೆಗೆ ದೀಪ ಹಾಕುತ್ತಾರಲ್ವಾ, ಇನ್ನೊಂದು ಭಾನುವಾರ ಮತ್ತೆ ಹೋದೆ. ಫಿಲ್ಟರ್ ಇಟ್ಟು ಒಂದು, ಬಿಚ್ಚಿ ಒಂದು ತೆಗೆದೆ. ಬಿಚ್ಚಿದ ಫೋಟೊದಲ್ಲಿ ಆಕಾಶ ಪೂರ್ತಿ ಕಪ್ಪು. ಒಂದು ಚುಕ್ಕೆಯೂ ಇಲ್ಲ.

ಆಗುವುದು ಇಷ್ಟು. ಒಳಗೆ ಹೋದ ಬೆಳಕಿನಲ್ಲಿ ಸ್ವಲ್ಪ ಸೆನ್ಸರ್‌ಗೆ (ಕ್ಯಾಮೆರಾದೊಳಗೆ ಫೋಟೊ ಮೂಡುವ ಚಿಪ್) ಬಡಿದು ವಾಪಸ್ ಬರುತ್ತದೆ. ಮುಂದೆ ಚಪ್ಪಟೆ ಗಾಜು ಇದ್ದರೆ ಅದು ಕನ್ನಡಿಯ ಹಾಗೆ ಆ ಬೆಳಕನ್ನು ಮತ್ತೆ ಒಳಗೆ ತಳ್ಳುತ್ತದೆ. ಪ್ರತಿಫಲನ ತಗ್ಗಿಸುವ ಲೇಪ (ಕೋಟಿಂಗ್) ಇಲ್ಲದ ಗಾಜು ಒಂದೊಂದು ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ನನ್ನ ಮೊದಲ ಫಿಲ್ಟರ್ ಅಂಥದ್ದೇ. ಆಮೇಲೆ ದುಡ್ಡು ಜಾಸ್ತಿ ಕೊಟ್ಟು ಅಂಥ ಲೇಪ ಹಲವು ಪದರ ಇರುವ ಮಲ್ಟಿ ಕೋಟಿಂಗ್ ಫಿಲ್ಟರ್ ತಗೊಂಡೆ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ. ಆದರೂ ರಾತ್ರಿ ದೀಪಗಳ ಮುಂದೆ, ಸೂರ್ಯ ಫ್ರೇಮಿನ ಒಳಗಿರುವಾಗ ಅದನ್ನೂ ಬಿಚ್ಚಿಡುತ್ತೇನೆ.

ಯುವಿ ಫಿಲ್ಟರ್ ಹಾಕಿದರೆ ದೂರದ ಬೆಟ್ಟ ಸ್ಪಷ್ಟವಾಗಿ ಬರುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಅದು ರೀಲ್ ಕಾಲದ ಮಾತು. ಫಿಲ್ಮ್‌ಗೆ ಅತಿನೇರಳೆ ಕಿರಣ ತಾಗುತ್ತಿತ್ತು, ಬೆಟ್ಟಗಳು ನೀಲಿಯಾಗಿ ಬರುತ್ತಿದ್ದವು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ಗಾಜೇ ಅದನ್ನು ತಡೆಯುತ್ತದೆ. ಹಾಗಾಗಿ ಫಿಲ್ಟರ್ ಕೊಳ್ಳುವುದಾದರೆ ರಕ್ಷಣೆಗೆ ಮಾತ್ರ ಕೊಳ್ಳಿ.

ಆ ರಕ್ಷಣೆ ನಿಜವಾಗಿ ಬೇಕಾಗುವ ಜಾಗಗಳಿವೆ. ಮಲ್ಪೆಯಲ್ಲಿ ಒಂದು ಸಂಜೆ ದೋಣಿಗಳನ್ನು ತೆಗೆಯುತ್ತಾ ನೀರಿನ ಅಂಚಲ್ಲೇ ನಿಂತಿದ್ದೆ. ಅರ್ಧ ಗಂಟೆಗೆ ಫಿಲ್ಟರ್ ಮೇಲೆ ಬಿಳಿ ಪೊರೆ ಕೂತಿತ್ತು. ಬೆರಳಿಗೆ ಅಂಟಂಟು, ಒಣಗಿದ ಕಡೆ ಸಣ್ಣ ಸಣ್ಣ ಹರಳು. ಪಕ್ಕದಲ್ಲಿದ್ದ ಗೆಳೆಯ ತನ್ನ ಫಿಲ್ಟರನ್ನು ಅಂಗಿಯ ತುದಿಯಿಂದ ಒರೆಸಿಬಿಟ್ಟ. ಒಣ ಉಪ್ಪು ಉಪ್ಪುಕಾಗದದ ಹಾಗೆ ಉಜ್ಜಿ ಗಾಜಿನ ಮೇಲೆ ಗೆರೆ ಬಿತ್ತು. ಆ ಗೆರೆ ಲೆನ್ಸ್ ಮೇಲೆ ಬಿದ್ದಿದ್ದರೆ? ನಾನು ನನ್ನದನ್ನು ಬಿಚ್ಚಿ ಕುಡಿಯುವ ನೀರಲ್ಲಿ ತೊಳೆದೆ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಜೋಗದ ತುಂತುರು, ಹೋಳಿಯ ಬಣ್ಣ, ಜಾತ್ರೆಯ ಧೂಳು, ಇಂಥ ಕಡೆ ಫಿಲ್ಟರ್ ಇಲ್ಲದೆ ನಾನು ಕ್ಯಾಮೆರಾ ಚೀಲದಿಂದ ತೆಗೆಯುವುದೇ ಇಲ್ಲ.

ಒಂದು ಎಚ್ಚರಿಕೆ. ಕರಾವಳಿಯಲ್ಲಿ ಎರಡು ವಾರ ಬಿಚ್ಚದೆ ಬಿಟ್ಟಿದ್ದಕ್ಕೆ ನನ್ನ ಫಿಲ್ಟರ್ ಕಚ್ಚಿಕೊಂಡಿತ್ತು. ಎರಡು ಬೆರಳಲ್ಲಿ ಹಿಸುಕಿ ತಿರುಗಿಸಿದರೆ ರಿಂಗ್ ಬಾಗಿ ಇನ್ನೂ ಬಿಗಿಯಾಗುತ್ತದೆ. ಸುತ್ತ ದಪ್ಪ ರಬ್ಬರ್ ಬ್ಯಾಂಡ್ ಹಾಕಿ, ಎಲ್ಲ ಕಡೆಯಿಂದ ಸಮನಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ನನಗೆ ಹಾಗೇ ಬಂತು.

ಇನ್ನು ಹುಡ್. ಹಂಪಿಯಲ್ಲಿ ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತುವಾಗ ಕುತ್ತಿಗೆಯಲ್ಲಿದ್ದ ಕ್ಯಾಮೆರಾ ತೂಗಿ ಬಂಡೆಗೆ ಬಡಿಯಿತು. ಟಕ್ ಅಂತ ಶಬ್ದ. ಎದೆ ಧಸಕ್ಕೆಂದಿತು. ನೋಡಿದರೆ ಹುಡ್‌ನ ಒಂದು ಎಸಳು ಸೀಳಿತ್ತು, ಲೆನ್ಸ್‌ಗೆ ಏನೂ ಆಗಿರಲಿಲ್ಲ. ಪ್ಲಾಸ್ಟಿಕ್ ಹುಡ್ ಬಾಗಿ ಪೆಟ್ಟು ತಗೊಳ್ಳುತ್ತದೆ. ಫಿಲ್ಟರ್ ಗಾಜು ತೆಳು. ಲೆನ್ಸಿನ ಮುಂದಿನ ಗಾಜು ತಡೆಯುವ ಪೆಟ್ಟಿಗೂ ಅದು ಒಡೆಯಬಹುದು, ಚೂರು ಲೆನ್ಸ್ ಮೇಲೇ ಗೀಚಬಹುದು. ಸೀಳಿದ ಹುಡ್ ಬದಲು 300 ರೂಪಾಯಿಗೆ ಬೇರೆ ಕಂಪನಿಯದು ಹಾಕಿದೆ, ಚೆನ್ನಾಗೇ ಇದೆ.

ಪಕ್ಕದಿಂದ ಬೀಳುವ ಬಿಸಿಲನ್ನು ಹುಡ್ ತಡೆಯುವುದು ಇನ್ನೂ ದೊಡ್ಡ ಲಾಭ. ಸಂಜೆ ಹೊತ್ತು ಹುಡ್ ಇಲ್ಲದೆ ಒಂದು, ಹಾಕಿ ಒಂದು ತೆಗೆದು ನೋಡಿ. ಇಲ್ಲದ ಫೋಟೊದಲ್ಲಿ ಕಪ್ಪಾಗಿರಬೇಕಾದ ಭಾಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಸುಮಾರು ಜನ ಹುಡ್ಡನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡೇ ಫೋಟೊ ತೆಗೆಯುತ್ತಾರೆ. ಹಾಗಿದ್ದರೆ ಏನೂ ಪ್ರಯೋಜನವಿಲ್ಲ, ಜೂಮ್ ರಿಂಗ್‌ಗೂ ಅಡ್ಡ. ಚುಕ್ಕೆಗೆ ಚುಕ್ಕೆ ಕೂಡಿಸಿ ಕ್ಲಿಕ್ ಅನ್ನುವ ತನಕ ತಿರುಗಿಸಿ. ಓರೆ ಕೂತರೆ ಮೂಲೆ ಕಪ್ಪಾಗುತ್ತದೆ. ಕ್ಯಾಮೆರಾದ ಮೇಲಿನ ಫ್ಲಾಶ್ ಹಾಕುವಾಗ ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಫೋಟೊದ ಕೆಳಗೆ ಅರ್ಧಚಂದ್ರದಂಥ ನೆರಳು ಬೀಳುತ್ತದೆ. ಅಕ್ಕನ ಮನೆಯ ಗೃಹಪ್ರವೇಶದ ಹತ್ತಾರು ಫೋಟೊ ನನಗೆ ಹಾಗೆ ಹಾಳಾಗಿವೆ.

ಕೊಳ್ಳುವಾಗ ಅಳತೆ ನೋಡಿ. ಲೆನ್ಸ್ ಮೇಲೆ ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಬರೆದಿರುವುದೇ ಫಿಲ್ಟರ್ ಅಳತೆ. 50 ಎಂಎಂ ಲೆನ್ಸ್‌ಗೆ 50 ಎಂಎಂ ಫಿಲ್ಟರ್ ಅಂತ ಅಲ್ಲ, ಹೆಸರಲ್ಲಿರುವ ಆ 50 ಲೆನ್ಸ್ ಬಾಯಿಯ ಅಗಲವಲ್ಲ. ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂಗೆ 49 ಬೇಕು, ನಿಕಾನ್ 50 ಎಂಎಂ ಎಫ್/1.8ಜಿಗೆ 58. ಹುಡ್‌ಗಾದರೆ ಅಳತೆ ಸಾಲದು, ನಿಮ್ಮ ಲೆನ್ಸಿನ ಮಾಡೆಲ್ ಹೆಸರು ಹೇಳಿಯೇ ಕೇಳಿ.