ಯಮಹಾ ಎಫ್‌ಜಿ800: ಕೊಟ್ಟ ಕಾಸೆಲ್ಲ ಮೇಲ್ಹಲಗೆಗೆ

ಅಗ್ಗದ ಗಿಟಾರ್‌ಗಳ ಮೇಲ್ಹಲಗೆ ಸಾಮಾನ್ಯವಾಗಿ ಪ್ಲೈವುಡ್. ಎಫ್‌ಜಿ800ರಲ್ಲಿ ಅದು ಒಂದೇ ಪದರದ ಸ್ಪ್ರೂಸ್. ನಂಬಿಕೆ ಬರದಿದ್ದರೆ ಸೌಂಡ್‌ಹೋಲ್‌ನ (ನಡುವಿನ ದುಂಡು ತೂತಿನ) ಅಂಚಿಗೆ ಟಾರ್ಚ್ ಹಿಡಿಯಿರಿ: ಮೇಲಿನ ಮರದ ಗೆರೆಗಳು ಹಲಗೆಯ ದಪ್ಪದೊಳಗೂ ನೇರ ಇಳಿದಿರಬೇಕು, ಪ್ಲೈವುಡ್‌ನಲ್ಲಿ ಅಡ್ಡ ಪದರ ಕಾಣುತ್ತದೆ. ಹಿಂಬದಿ ಮತ್ತು ಪಕ್ಕಗಳು ಸಾಧಾರಣ ಮರ, ಅಲ್ಲಿ ಉಳಿಸಿದ್ದು ಸರಿಯೇ.

ನಾದ ಗಟ್ಟಿ, ಸ್ಪಷ್ಟ. ಸ್ಟ್ರಮಿಂಗ್‌ಗೆ, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವುದಕ್ಕೆ, ಹೇಳಿ ಮಾಡಿಸಿದಂತಿದೆ. ಮಂದ್ರ ಮಾತ್ರ ಮೊದಮೊದಲು ಸ್ವಲ್ಪ ಬಿಗಿ. ಸ್ಕೇಲ್ (ಮಿಡಿಯುವ ತಂತಿಯ ಉದ್ದ) 650 ಮಿ.ಮೀ. ಇರುವುದರಿಂದ ತಂತಿಯ ಬಿಗುವು ಹೆಚ್ಚು, ಹೊಸಬರ ಬೆರಳು ಉರಿಯುತ್ತದೆ. 12ರ ಬದಲು ತುಸು ತೆಳುವಾದ 11ರ ತಂತಿ ಸೆಟ್ ಹಾಕಿ (ಈ ಸಂಖ್ಯೆ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ).

ಅಂಗಡಿಯಲ್ಲೇ 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಬಳಿ ದಪ್ಪ ಇ ತಂತಿಯ ಎತ್ತರ ಅಳೆಯಿರಿ. 2.5 ಮಿ.ಮೀ. ಸುಖ, 3 ದಾಟಿದ್ದರೆ ಸ್ಯಾಡಲ್ (ಮೇಲ್ಹಲಗೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ) ತೆಗೆದು ತಳ ಉಜ್ಜಬೇಕು. ಅರ್ಧ ಮಿ.ಮೀ. ಇಳಿಸಲು ಒಂದು ಮಿ.ಮೀ. ಸವೆಸಬೇಕು. ಮೇಲ್ತುದಿಗೆ ಕೈ ಹಾಕಬೇಡಿ, ಅದರ ಬಾಗು ಕೆಡುತ್ತದೆ. ತಳ ಸಮತಟ್ಟಾಗಿರದಿದ್ದರೆ ಒಂದೆರಡು ತಂತಿಗಳ ದನಿ ಸತ್ತಂತೆ ಕೇಳುತ್ತದೆ.

ಕರಾವಳಿಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಇಂಥ ಒಂದೇ ಪದರದ ಹಲಗೆ ತೇವ ಹೀರಿ ಉಬ್ಬಿ, ತಂತಿ ಮೇಲೇಳುತ್ತದೆ. ಗೋಡೆಗೆ ನೇತುಹಾಕದೆ, ಸಿಲಿಕಾ ಜೆಲ್ ಜೊತೆ ಗಟ್ಟಿ ಕೇಸ್‌ನಲ್ಲಿಡಿ.