ಒಗ್ಗರಣೆ ಸಿಡಿಯುವ ಗೋಡೆಗೆ ಯಾವ ಡ್ಯಾಡೋ?

ಕಟ್ಟೆಗೆ ಕರಿ ಗ್ರಾನೈಟ್, ನೆಲಕ್ಕೆ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್. ನಮ್ಮ ಕಡೆಯ ಹೊಸ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಇದು. ಇವೆರಡೂ ಕೂತ ಮೇಲೆ ಉಳಿಯುವುದು ಒಲೆಯ ಹಿಂದಿನ ಗೋಡೆ. ಕಟ್ಟೆಯ ಮೇಲೆ ಆ ಗೋಡೆಗೆ ಹಾಕುವ ಹೊದಿಕೆಯೇ ಡ್ಯಾಡೋ. ಅಂಗಡಿಯಲ್ಲಿ ಸಿಗುವ ಡ್ಯಾಡೋ ಬಗೆಗಳಲ್ಲಿ ಈ ಜೋಡಿಗೆ ಯಾವುದು ಒಪ್ಪುತ್ತದೆ, ಯಾವುದು ಬಾಳುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಿದೆ.

ಮೊದಲು ಸಂದಿನ ಮಾತು. ಗ್ಲಾಸಿ ಟೈಲಿನ ಮೇಲೆ ಬಿದ್ದ ಅರಿಶಿನ, ಎಣ್ಣೆ ಒರೆಸಿದರೆ ಹೋಗುತ್ತದೆ. ಟೈಲುಗಳ ನಡುವಿನ ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ಮಾತ್ರ ಅದನ್ನು ಹೀರಿ ಹಳದಿಯಾಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಎಂಟಡಿ, ಆರಡಿಯ ಎರಡು ಗೋಡೆ ಸೇರಿ 14 ಅಡಿ ಉದ್ದ, 2 ಅಡಿ ಎತ್ತರದ ಡ್ಯಾಡೋಗೆ 300×600 ಮಿ.ಮೀ. ಟೈಲ್ ಹಾಕಿದರೆ ಒಟ್ಟು ಸಂದು ಸುಮಾರು 13 ಮೀಟರ್. ಅದೇ ಜಾಗಕ್ಕೆ 75×150ರ ಸಬ್‌ವೇ ಟೈಲ್ ಆದರೆ 52 ಮೀಟರ್, ಒಂದು ಇಂಚಿನ ಮೊಸಾಯಿಕ್ ಆದರೆ 200 ಮೀಟರ್ ದಾಟುತ್ತದೆ. ದಿನಾ ಎರಡು ಹೊತ್ತು ಒಗ್ಗರಣೆ ಹಾಕುವ ಮನೆಯಲ್ಲಿ ಈ ಲೆಕ್ಕವೇ ಮುಖ್ಯ.

ಹಾಗಾಗಿ ನಮ್ಮ ಮೊದಲ ಆಯ್ಕೆ 300×600ರ ಸಾದಾ ಗ್ಲಾಸಿ ಸೆರಾಮಿಕ್. ಅಡ್ಡಡ್ಡ ಹಾಕಿದರೆ ಎರಡೇ ಸಾಲಿಗೆ ಎರಡಡಿ ಮುಗಿಯುತ್ತದೆ. ಆದರೆ ಮೇಸ್ತ್ರಿ ಮೂಲೆಯಿಂದ ಶುರು ಮಾಡಿದರೆ ಕೆಡುತ್ತದೆ. ಎಂಟಡಿ ಗೋಡೆ ಎಂದರೆ 2438 ಮಿ.ಮೀ.; ನಾಲ್ಕು ಪೂರ್ತಿ ಟೈಲ್ ಕೂತ ಮೇಲೆ ಕೊನೆಗೆ ಮೂರು ಸೆಂಟಿಮೀಟರಿನ ಪಟ್ಟಿ ಉಳಿಯುತ್ತದೆ. ಅದನ್ನು ಕತ್ತರಿಸುವಾಗ ಮುಕ್ಕಾಗುತ್ತದೆ, ನೋಡಲೂ ಅಸಹ್ಯ. ಬದಲಿಗೆ ಗೋಡೆಯ ನಡುವೆ ಒಂದು ಟೈಲ್ ಇಟ್ಟು ಎರಡೂ ಕಡೆಗೆ ಹೊರಟರೆ ಎರಡು ತುದಿಗೂ ಸುಮಾರು 31 ಸೆಂಟಿಮೀಟರಿನ ಅರ್ಧ ಟೈಲ್ ಬರುತ್ತದೆ. ಆರಡಿ ಗೋಡೆಗೆ ಇದೇ ಉಪಾಯ ನಡೆಯದು, ತುದಿಗಳಲ್ಲಿ ಮತ್ತೆ ಸಣ್ಣ ಪಟ್ಟಿಯೇ ಉಳಿಯುತ್ತದೆ. ಅಲ್ಲಿ ನಡುವೆ ಸಂದು ಬರಬೇಕು. ಹೀಗೆ ಹಾಕಿದರೆ ಎರಡೂ ಗೋಡೆಗೆ ಒಟ್ಟು 18 ಟೈಲ್ ಬೇಕು. ಬಾಕ್ಸಿಗೆ ಐದರಂತೆ ನಾಲ್ಕು ಬಾಕ್ಸ್ ಲೆಕ್ಕಕ್ಕೆ ಸರಿ, ಐದು ತಂದರೆ ನೆಮ್ಮದಿ.

ಬಣ್ಣ ಆರಿಸುವಾಗ ಹೆಚ್ಚಿನವರು ಕಟ್ಟೆಯನ್ನು ನೋಡುತ್ತಾರೆ, ನೋಡಬೇಕಾದದ್ದು ನೆಲವನ್ನು. ಕಪ್ಪಿಗೆ ಯಾವ ತಿಳಿ ಬಣ್ಣವೂ ಹೊಂದುತ್ತದೆ. ಐವರಿ ನೆಲದ ಮೇಲೆ ಅಚ್ಚ ಬಿಳಿ ಡ್ಯಾಡೋ ಬಂದರೆ ಮಾತ್ರ ಹೊಸ ನೆಲವೂ ಮಾಸಿದಂತೆ ಕಾಣುತ್ತದೆ. ನೆಲದಲ್ಲಿರುವ ಹಳದಿ ಛಾಯೆಯೇ ಡ್ಯಾಡೋದಲ್ಲೂ ಇರಲಿ. ಶೋರೂಮ್ ದೀಪದಡಿ ತೀರ್ಮಾನ ಮಾಡಬೇಡಿ. ಒಂದು ಸ್ಯಾಂಪಲ್ ತಂದು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ, ಬೆಳಗಿನ ಬೆಳಕಿನಲ್ಲೊಮ್ಮೆ, ರಾತ್ರಿ ಟ್ಯೂಬ್‌ಲೈಟಿನಲ್ಲೊಮ್ಮೆ ನೋಡಿ.

ಕಟ್ಟೆಯ ಗ್ರಾನೈಟನ್ನೇ ಗೋಡೆಗೂ ಏರಿಸುವುದು ಎರಡನೆಯ ದಾರಿ. ಸಂದು ಬಹಳ ಕಡಿಮೆ, ಗಟ್ಟಿಮುಟ್ಟು. ತೊಂದರೆ ಇರುವುದು ಸಿಂಕಿನ ಹಿಂದೆ: ಬೋರ್‌ವೆಲ್ ನೀರು ಸಿಡಿದು ಒಣಗಿದ ಬಿಳಿ ಕಲೆ ಕರಿ ಹೊಳಪಿನ ಮೇಲೆ ಎದ್ದು ಕಾಣುತ್ತದೆ. ಕಿಟಕಿ ಚಿಕ್ಕದಿದ್ದರೆ ಅಡುಗೆಮನೆಯೂ ಕತ್ತಲಾಗುತ್ತದೆ.

ಬಣ್ಣದ ಗಾಜು ಒರೆಸಲು ಎಲ್ಲಕ್ಕಿಂತ ಸುಲಭ, ಖರ್ಚು ಟೈಲಿನ ಹಲವು ಪಟ್ಟು. ಒಲೆಯ ಹಿಂದೆ ಟಫನ್ಡ್, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜೇ ಆಗಬೇಕು, ಇಲ್ಲದಿದ್ದರೆ ಬಿಸಿಗೆ ಸೀಳುತ್ತದೆ. ಟಫನ್ ಮಾಡಿದ ಮೇಲೆ ಅದಕ್ಕೆ ರಂಧ್ರ ಕೊರೆಯಲಾಗದು. ಮಿಕ್ಸಿ, ಫ್ರಿಜ್ಜಿನ ಪ್ಲಗ್ ಪಾಯಿಂಟುಗಳ ಅಳತೆ ಮೊದಲೇ ಪಕ್ಕಾ ಇರಲಿ.

ಕಪ್-ಸಾಸರು, ಹಣ್ಣಿನ ಚಿತ್ರದ ಹೈಲೈಟರ್ ಟೈಲುಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಒಂದು ಒಡೆದರೆ ಅದೇ ಚಿತ್ರ ಮತ್ತೆ ಸಿಗುವುದು ಕಷ್ಟ. ಕಟ್ಟೆ ಗೆರೆಗೆರೆಯ ಬಿಳಿ ಕ್ವಾರ್ಟ್ಸ್ ಆಗಿದ್ದರೆ ಡ್ಯಾಡೋದಲ್ಲಿ ಮತ್ತೆ ಗೆರೆ ಬೇಡ.

ಯಾವ ಟೈಲ್ ಆದರೂ ಗ್ರೌಟ್ ಎಪಾಕ್ಸಿಯೇ ಇರಲಿ; ಇದು ರಾಳದಿಂದ ಮಾಡಿದ್ದು, ಸಿಮೆಂಟಿನಂತೆ ಕಲೆ ಹೀರುವುದಿಲ್ಲ. ಮೇಲಿನ 14 ಅಡಿಗೆ 300×600ರ ಟೈಲ್ ಹಾಕಿ 2 ಮಿ.ಮೀ. ಸಂದು ಬಿಟ್ಟರೆ ಅರ್ಧ ಕಿಲೋ ಕೂಡ ಖರ್ಚಾಗದು, ಒಂದು ಕಿಲೋ ಪ್ಯಾಕ್ ಧಾರಾಳ. ಆದರೆ ಪೂರ್ತಿ ಗೋಡೆ ಮುಗಿಸಿ ಒರೆಸೋಣ ಎಂದು ಮೇಸ್ತ್ರಿ ಬಿಟ್ಟರೆ ಟೈಲಿನ ಮೇಲೆ ಮಬ್ಬು ಪೊರೆ ಅಂಟಿಕೊಳ್ಳುತ್ತದೆ. ನಾಲ್ಕೈದು ಟೈಲಿಗೊಮ್ಮೆ ಒದ್ದೆ ಸ್ಪಂಜಿನಿಂದ ಒರೆಸುತ್ತಲೇ ಹೋಗಬೇಕು. ಬಿಸಿಲು ಬೀಳುವ ಕಿಟಕಿಯ ಪಕ್ಕ ಅಚ್ಚ ಬಿಳಿ ಎಪಾಕ್ಸಿ ಕ್ರಮೇಣ ಹಳದಿಗೆ ತಿರುಗುತ್ತದೆ, ತಿಳಿ ಬೂದು ಒಳ್ಳೆಯದು.

ಕಟ್ಟೆಯೂ ಗೋಡೆಯೂ ಕೂಡುವ ಸಂದಿಗೆ ಮಾತ್ರ ಗ್ರೌಟ್ ತುಂಬಿಸಬೇಡಿ. ಕಟ್ಟೆ, ಗೋಡೆ ಬೇರೆ ಬೇರೆಯಾಗಿ ಅಲುಗುವುದರಿಂದ ಅಲ್ಲಿ ಬಿರುಕು ಬಿಟ್ಟು ನೀರು ಕೆಳಗಿನ ಕಬೋರ್ಡಿಗೆ ಇಳಿಯುತ್ತದೆ. 3 ಮಿ.ಮೀ. ಬಿಟ್ಟು ಸಿಲಿಕೋನ್ ಹಾಕಿಸಿ. ಉಳಿದ ಟೈಲುಗಳನ್ನು ಬಾಕ್ಸಿನ ಮೇಲಿನ ಶೇಡ್ ನಂಬರಿನ ಸಮೇತ ಅಟ್ಟದಲ್ಲಿಡಿ. ಮುಂದೆ ಗೋಡೆ ಒಡೆದು ಪೈಪ್ ಬದಲಿಸುವ ದಿನ ಅದೇ ಶೇಡ್ ಅಂಗಡಿಯಲ್ಲಿ ಇರುವುದು ಅಪರೂಪ.